ಬಿಲ್ ಇಲ್ಲದ ಪುಸ್ತಕಗಳನ್ನು ಲೈಬ್ರರಿಗೆ ಸೇರಿಸುವುದು ಹೇಗೆ?

ಬಹಳಷ್ಟು ಕಾಲೇಜು ಲೈಬ್ರರಿಗಳ ವೆಬ್‌ಸೈಟಿನಲ್ಲಿ ‘ಉಪಯುಕ್ತ ಕೊಂಡಿಗಳು’ ಅಂತ ಒಂದು ಪುಟ ಇರುತ್ತದೆ. ಅದರಲ್ಲಿ ಪುಸ್ತಕ, ಲೇಖನಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದಾದ (ಓಪನ್ ಆಕ್ಸೆಸ್) ಹತ್ತಿಪ್ಪತ್ತು ವೆಬ್‌ಸೈಟುಗಳ ಹೆಸರು. ಕೆಲವು ತೆರೆಯುವುದೇ ಇಲ್ಲ, ತೆರೆಯುವಂಥವನ್ನು ಯಾರೂ ಒತ್ತಿ ನೋಡಿರುವುದಿಲ್ಲ. ‘ನಮ್ಮಲ್ಲಿ ಓಪನ್ ಆಕ್ಸೆಸ್ ಇದೆ’ ಎಂದು ವರದಿಯಲ್ಲಿ ಬರೆಯಲು ಅಷ್ಟು ಸಾಕು. ಓದಲು ಬಂದವರಿಗೆ ಸಾಲದು. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಪ್ರಾಜೆಕ್ಟ್ ಮಾಡುವ ಸಾಗರದ ಹುಡುಗಿ ಕ್ಯಾಟಲಾಗಿನಲ್ಲಿ ಹುಡುಕಿದಾಗ ಕಪಾಟಿನ ಪುಸ್ತಕದ ಜೊತೆಗೇ ಉಚಿತ ಲೇಖನವೂ ಕಾಣಬೇಕು. ಆಗ ಮಾತ್ರ ಅದು ಲೈಬ್ರರಿಗೆ ಸೇರಿದ ಲೆಕ್ಕ.

ದುಡ್ಡು ಕೊಟ್ಟು ತಂದ ಪುಸ್ತಕಕ್ಕೆ ಮಾಡುವ ಕೆಲಸವನ್ನೆಲ್ಲ ಇದಕ್ಕೂ ಮಾಡಬೇಕು. ಆರಿಸಬೇಕು, ದಾಖಲೆ ಬರೆಯಬೇಕು, ಜನರಿಗೆ ತೋರಿಸಬೇಕು, ಆಗಾಗ ಜಾಗದಲ್ಲಿದೆಯಾ ಅಂತ ನೋಡಬೇಕು. ಬಿಲ್ ಒಂದು ಇರುವುದಿಲ್ಲ, ಅಷ್ಟೇ.

ಮೊದಲು ಆರಿಸಿ

ಉಚಿತ ಸಿಗುತ್ತದೆ ಅಂತ ಎಲ್ಲವನ್ನೂ ತುಂಬಿಕೊಳ್ಳಬೇಡಿ. ಮುಕ್ತ ಪುಸ್ತಕಗಳ ಜಾಗತಿಕ ಪಟ್ಟಿಯಾದ ಡಿಒಎಬಿಯಲ್ಲಿ ಹತ್ತಾರು ಸಾವಿರ ಪುಸ್ತಕಗಳಿವೆ. ಅಷ್ಟೂ ದಾಖಲೆಗಳನ್ನು ಒಮ್ಮೆಲೇ ಇಳಿಸಿಕೊಂಡು ಕ್ಯಾಟಲಾಗಿಗೆ ಸುರಿಯಲೂಬಹುದು. ಹಾಗೆ ಮಾಡಿದರೆ ಹೊಸನಗರದ ಬಿ.ಎ. ವಿದ್ಯಾರ್ಥಿ ‘ಇತಿಹಾಸ’ ಎಂದು ಹುಡುಕಿದಾಗ ಜರ್ಮನ್ ಪುಸ್ತಕಗಳ ರಾಶಿಯಡಿ ಕೆಳದಿ ಅರಸರು ಮುಚ್ಚಿಹೋಗುತ್ತಾರೆ.

ಇಶ್ಯೂ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಜನ ಕೇಳಿದ್ದು, ನಮ್ಮಲ್ಲಿ ಇಲ್ಲದ್ದು ಮಾತ್ರ ಅದರಲ್ಲಿ ಬರೆಯಿರಿ. ನಮ್ಮ ಶಿವಮೊಗ್ಗದ ಕಡೆ ಆ ಪಟ್ಟಿ ಹೇಗಿರುತ್ತದೆ ಎಂದು ಊಹಿಸಬಹುದು: ಅಡಿಕೆಯ ಕೊಳೆರೋಗ, ಕಾಳುಮೆಣಸು, ಮಂಗನ ಕಾಯಿಲೆ, ಶರಾವತಿ ಮುಳುಗಡೆ, ತಾಳಗುಂದದ ಶಾಸನ. ಅಲ್ಲಿಂದ ಶುರು ಮಾಡಿ.

ಹುಡುಕಲು ಜಾಗಗಳು ಸಾಕಷ್ಟಿವೆ. ಸಂಶೋಧನಾ ಪತ್ರಿಕೆಗಳಿಗೆ 2003ರಲ್ಲಿ ಶುರುವಾದ ಡಿಒಎಜೆ ಪಟ್ಟಿ ನೋಡಿ. ದುಡ್ಡು ಇಸಿದುಕೊಂಡು ಏನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳ ಕಾಟ ಈಗ ಜಾಸ್ತಿ. ಈ ಪಟ್ಟಿಗೆ ಸೇರಿಸುವ ಮೊದಲು ಪತ್ರಿಕೆಯನ್ನು ಪರಿಶೀಲಿಸಿರುತ್ತಾರೆ, ಹಾಗಾಗಿ ಅರ್ಧ ತಲೆನೋವು ಕಡಿಮೆ. ಪಿಎಚ್‌ಡಿ ಪ್ರಬಂಧಗಳಿಗೆ ‘ಶೋಧಗಂಗಾ’ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪ್ರಬಂಧಗಳೂ ಅಲ್ಲಿ ಸಿಗುತ್ತವೆ. ಒಂದೊಂದು ಅಧ್ಯಾಯ ಒಂದೊಂದು ಪಿಡಿಎಫ್ ಆಗಿ ಕೂತಿರುತ್ತದೆ. ಕೊಂಡಿ ಕೊಡುವಾಗ ಯಾವುದೋ ಒಂದು ಅಧ್ಯಾಯದ ಫೈಲಿಗೆ ಕೊಡಬೇಡಿ, ಪ್ರಬಂಧದ ಮುಖಪುಟಕ್ಕೆ ಕೊಡಿ. ಪಶ್ಚಿಮ ಘಟ್ಟದ ಕಪ್ಪೆ, ಹಾವು, ಆರ್ಕಿಡ್ ಬಗ್ಗೆ ಕೇಳುವವರಿಗೆ ‘ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ’ ಒಳ್ಳೆಯದು. ಕನ್ನಡಕ್ಕೆ ಉಚಿತ ಪಠ್ಯಗಳ ತಾಣ ವಿಕಿಸೋರ್ಸ್ ಇದೆ, ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶದ ಲೇಖನಗಳು ಅಲ್ಲಿವೆ.

ಲೈಸೆನ್ಸ್ ನೋಡುವುದು

ಎಲ್ಲರೂ ಹಾರಿಸಿಬಿಡುವ ಹಂತ ಇದೇ. ಓದಲು ಸಿಗುವುದು ಬೇರೆ, ಹಂಚಲು ಅನುಮತಿ ಇರುವುದು ಬೇರೆ. ಪ್ರಕಾಶಕರು ಸುಮ್ನೆ ಉಚಿತವಾಗಿ ತೆರೆದಿಟ್ಟ ಲೇಖನವನ್ನು ನಾಳೆ ಮುಚ್ಚಲೂಬಹುದು. ಅದಕ್ಕೆ ಕೊಂಡಿ ಕೊಡಬಹುದೇ ಹೊರತು ಪ್ರತಿ ಇಳಿಸಿ ಎಲ್ಲರಿಗೂ ಹಂಚುವಂತಿಲ್ಲ. ಹಂಚಲು ಹಕ್ಕುದಾರರೇ ಮೊದಲೇ ಅನುಮತಿ ಕೊಟ್ಟಿರುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇದ್ದರೆ ಮಾತು ಬೇರೆ. ಅದರಲ್ಲಿ ಅತಿ ಬಿಗಿಯಾದದ್ದು ‘ಸಿಸಿ ಬೈ-ಎನ್‌ಸಿ-ಎನ್‌ಡಿ’. ಅದೂ ಸಹ, ಲೇಖಕರ ಹೆಸರು ಹಾಕಿ, ಏನೂ ಬದಲಿಸದೆ, ವ್ಯಾಪಾರ ಮಾಡದೆ ಹಂಚಲು ಬಿಡುತ್ತದೆ. ಲೈಬ್ರರಿಗೆ ಬೇಕಾದ್ದು ಅಷ್ಟೇ ಅಲ್ವಾ?

ಹಳೆಯ ಪುಸ್ತಕಗಳಿಗೆ ಲೆಕ್ಕ ಬೇರೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಅಂದರೆ 2054ರ ಕೊನೆಯವರೆಗೆ ಅವರ ಕೃತಿಗಳಿಗೆ ಹಕ್ಕಿದೆ. ಯಾವುದೋ ತಾಣದಲ್ಲಿ ಸ್ಕ್ಯಾನ್ ಸಿಕ್ಕಿತು ಅಂತ ತಂದು ಹಾಕುವ ಹಾಗಿಲ್ಲ. ತೀರ್ಥಹಳ್ಳಿಯಲ್ಲೇ ಕೂತಿದ್ದರೂ ಇಲ್ಲ! ನಿರಂಜನ ತೀರಿಕೊಂಡಿದ್ದು 1991ರಲ್ಲಿ. ಲೆಕ್ಕ ಹಾಕಿದರೆ ಅವರ ಪುಸ್ತಕಗಳಿಗೂ ಇನ್ನೂ ಹಕ್ಕಿರಬೇಕು. ಆದರೆ 2014ರಲ್ಲಿ ಮನೆಯವರೇ ಅವರ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಡಿ ಬಿಟ್ಟುಕೊಟ್ಟರು. ಹಾಗಾಗಿ ಇಸವಿ ನೋಡಿದರೆ ಸಾಲದು, ಹಕ್ಕುದಾರರು ಏನು ಹೇಳಿದ್ದಾರೆ ಅಂತಲೂ ನೋಡಬೇಕು. ಸ್ಕ್ಯಾನ್ ಪುಸ್ತಕಗಳ ತಾಣವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಇದೆ ಎಂಬುದೇ ಅನುಮತಿ ಅಲ್ಲ.

ಇನ್ನೊಂದು ಪ್ರಶ್ನೆ ಯಾವಾಗಲೂ ಬರುತ್ತದೆ: ‘ನಮ್ಮ ಕಪಾಟಿನಲ್ಲಿ ಪುಸ್ತಕ ಇದೆಯಲ್ಲ, ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಬಹುದಾ?’ ಲಾಭಕ್ಕಲ್ಲದ ಸಾರ್ವಜನಿಕ ಲೈಬ್ರರಿ ತನ್ನಲ್ಲಿರುವ ಪುಸ್ತಕವನ್ನು ಹಾಳಾಗದಂತೆ ಕಾಪಾಡಲು ಡಿಜಿಟಲ್ ಪ್ರತಿ ಇಟ್ಟುಕೊಳ್ಳಲು ಕಾಯ್ದೆ ಬಿಡುತ್ತದೆ. ಅದು ಕಾಪಾಡಲು ಮಾತ್ರ. ಹಕ್ಕು ಮುಗಿಯದ ಪುಸ್ತಕವನ್ನು ವೆಬ್‌ಸೈಟಿಗೆ ಏರಿಸುವ ಅನುಮತಿ ಅದರಲ್ಲಿಲ್ಲ.

ದಾಖಲೆ ಬರೆಯುವುದು

ಈಗ ಒಂದು ಲೇಖನವನ್ನು ಕೈಯಲ್ಲಿ ಹಿಡಿದು ಮಾಡೋಣ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ಕಾಡಿನ ಹೆಸರೇ ಕಾಯಿಲೆಯ ಹೆಸರು: ಕ್ಯಾಸನೂರು ಫಾರೆಸ್ಟ್ ಡಿಸೀಸ್ (ಕೆಎಫ್‌ಡಿ). ಈ ಬಗ್ಗೆ ವೈದ್ಯಕೀಯ ಲೇಖನಗಳ ಉಚಿತ ಸಂಗ್ರಹವಾದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಮುಕ್ತ ಲೇಖನಗಳು ಸಿಗುತ್ತವೆ. ಒಂದನ್ನು ಆರಿಸಿದಿರಿ, ಹೆಸರು ಹಾಕಿದರೆ ಸಾಕೆನ್ನುವ ‘ಸಿಸಿ ಬೈ’ ಲೈಸೆನ್ಸ್ ಇದೆ ಎಂದು ಖಚಿತವಾಯಿತು ಅಂದುಕೊಳ್ಳಿ.

ಲೈಬ್ರರಿಯ ಕ್ಯಾಟಲಾಗ್ ಸಾಫ್ಟ್‌ವೇರ್ ಆದ ಕೋಹಾದಲ್ಲಿ ಹೊಸ ದಾಖಲೆ ತೆರೆಯಿರಿ. ಅದರಲ್ಲಿ ಒಂದೊಂದು ವಿವರಕ್ಕೂ ಒಂದೊಂದು ಅಂಕಿಯ ಖಾನೆ ಇರುತ್ತದೆ. 245ರಲ್ಲಿ ಶೀರ್ಷಿಕೆ, ಲೇಖನದಲ್ಲಿ ಇರುವ ಹಾಗೆಯೇ. 506ರಲ್ಲಿ ‘ಯಾರು ಬೇಕಾದರೂ ಓದಬಹುದು’. 540ರಲ್ಲಿ ಲೈಸೆನ್ಸಿನ ಹೆಸರು. ಇದನ್ನು ಬರೆಯದಿದ್ದರೆ ನಿಮ್ಮ ನಂತರ ಬರುವವರು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. 856ರಲ್ಲಿ ಕೊಂಡಿ. ಬ್ರೌಸರಿನ ಮೇಲ್ಪಟ್ಟಿಯಲ್ಲಿ ಕಾಣುವ ಉದ್ದನೆಯ ವಿಳಾಸವನ್ನು ನಕಲು ಮಾಡಬೇಡಿ. ಲೇಖನದ ಮೇಲೆ ಡಿಒಐ ಎಂಬ ಸಂಖ್ಯೆ ಇರುತ್ತದೆ, ಅದರ ಕೊಂಡಿ ಹಾಕಿ. ಪ್ರಕಾಶಕರು ವೆಬ್‌ಸೈಟ್ ಬದಲಿಸಿದರೂ ಡಿಒಐ ಸಾಮಾನ್ಯವಾಗಿ ಹೊಸ ಜಾಗಕ್ಕೇ ಕರೆದೊಯ್ಯುತ್ತದೆ.

ಆಮೇಲೆ 653, ಹುಡುಕುಪದಗಳ ಖಾನೆ. ಲೇಖನದ ಶೀರ್ಷಿಕೆ ಇಂಗ್ಲಿಷ್. ಹುಡುಕುವವರು ‘ಮಂಗನ ಕಾಯಿಲೆ’ ಎಂದು ಬೆರಳಚ್ಚಿಸುತ್ತಾರೆ, ಇಲ್ಲವೇ ‘ಕೆಎಫ್‌ಡಿ’ ಎನ್ನುತ್ತಾರೆ. ಈ ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆಯಿರಿ. ‘ಉಣುಗು’, ‘ಸೊರಬ’, ‘ಕ್ಯಾಸನೂರು’ ಕೂಡ ಇರಲಿ. ಇದಕ್ಕೆ ಎರಡು ನಿಮಿಷ ಸಾಕು. ಬೇರೆಯವರ ದಾಖಲೆಯನ್ನು ಇದ್ದ ಹಾಗೆ ಇಳಿಸಿಕೊಂಡರೆ ಸಿಗದೇ ಹೋಗುವುದು ಇದೇ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಸ್ಥಳೀಯ ಲೈಬ್ರರಿಯನ್ ಮಾತ್ರ ಮಾಡಬಲ್ಲ ಭಾಗ ಇದು.

ಅಚ್ಚಾದ ಪ್ರತಿ ಈಗಾಗಲೇ ಇದ್ದರೆ ಹೊಸ ದಾಖಲೆ ಬೇಡ. ಶಿವಮೊಗ್ಗ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳನ್ನೇ ನೋಡಿ. ಸಂಪಾದಕ ಬಿ.ಎಲ್. ರೈಸ್ ತೀರಿಕೊಂಡಿದ್ದು 1927ರಲ್ಲಿ, ಅವರ ಹಕ್ಕು ಎಂದೋ ಮುಗಿದಿದೆ. ಹಳೆಯ ಪ್ರತಿಯ ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ ಎಂಬ ಭಯ. ಇದ್ದ ದಾಖಲೆಗೇ ಒಂದು 856 ಸೇರಿಸಿ ಸ್ಕ್ಯಾನ್ ಪ್ರತಿಗೆ ಕೊಂಡಿ ಕೊಡಿ, ಆ ಖಾನೆಯ ಎರಡನೇ ಸೂಚಕ (ಖಾನೆಯ ಶುರುವಿನ ಪುಟ್ಟ ಅಂಕಿ) 1 ಎಂದು ಹಾಕಿ. ‘ಇದೇ ಪುಸ್ತಕದ ಇನ್ನೊಂದು ರೂಪ’ ಎಂದು ಅದರ ಅರ್ಥ.

ಲೈಬ್ರರಿಗೆ ಬಂದ ಪುಸ್ತಕಗಳನ್ನು ಬರೆದಿಡುವ ಅಕ್ಸೆಷನ್ ರಿಜಿಸ್ಟರಿಗೆ ಇವನ್ನೂ ಏರಿಸಬೇಕಾ? ಬೇಡ. ಸ್ಟಾಕ್ ವೆರಿಫಿಕೇಶನ್ ದಿನ ಕಪಾಟಿನಲ್ಲಿ ಇಲ್ಲದ ಪುಸ್ತಕಕ್ಕೆ ಉತ್ತರ ಹೇಳುತ್ತಾ ನಿಲ್ಲಬೇಕಾಗುತ್ತದೆ. ಆಡಿಟ್‌ನವರು ‘ಬಿಲ್ ಎಲ್ಲಿ?’ ಅನ್ನುತ್ತಾರೆ. ಬೇರೆಯೇ ಒಂದು ಪಟ್ಟಿ ಇಟ್ಟುಕೊಳ್ಳಿ.

ಮಳೆಗಾಲದ ಪ್ರತಿ

ಬೆಂಗಳೂರಿನ ತರಬೇತಿಗಳಲ್ಲಿ ಈ ವಿಷಯ ಬರುವುದು ಕಡಿಮೆ. ಜುಲೈನಲ್ಲಿ ಆಗುಂಬೆ, ಹೊಸನಗರದ ಕಡೆ ಮರ ಬಿದ್ದು ಲೈನ್ ಹೋದರೆ ನೆಟ್‌ವರ್ಕೂ ಹೋಯಿತು. ಬರೀ ಕೊಂಡಿ ನಂಬಿಕೊಂಡ ಸಂಗ್ರಹ ಆ ದಿನ ಸೊನ್ನೆ. ಅದಕ್ಕೇ ಲೈಸೆನ್ಸಿನ ಬಗ್ಗೆ ಅಷ್ಟು ಉದ್ದ ಹೇಳಿದ್ದು. ಪ್ರತಿ ಹಂಚಲು ಅನುಮತಿ ಇರುವ ಫೈಲುಗಳನ್ನು ಇಳಿಸಿ ಲೈಬ್ರರಿಯ ಕಂಪ್ಯೂಟರಿನಲ್ಲೇ ಇಡಿ. ದೊಡ್ಡ ಕಾಲೇಜಾದರೆ ಇಂಥ ಫೈಲುಗಳನ್ನು ಜೋಡಿಸಿಡುವ ಡಿಸ್ಪೇಸ್ ಹಾಕಿಕೊಳ್ಳಬಹುದು, ಅದೂ ಉಚಿತ ಸಾಫ್ಟ್‌ವೇರ್. ಚಿಕ್ಕ ಲೈಬ್ರರಿಗೆ, ಪಂಚಾಯಿತಿಯ ಅರಿವು ಕೇಂದ್ರಕ್ಕೆ ಅಷ್ಟೆಲ್ಲ ಬೇಡ. ವಿಷಯವಾರು ಫೋಲ್ಡರ್ ಮಾಡಿದ ಒಂದು ಹಾರ್ಡ್ ಡಿಸ್ಕ್ ಸಾಕು, ಇನ್ನೊಂದು ಪ್ರತಿ ಬೀರುವಿನಲ್ಲಿರಲಿ. ಕರೆಂಟ್ ಇದ್ದು ನೆಟ್ ಇಲ್ಲದ ದಿನವೂ ಓದು ನಡೆಯುತ್ತದೆ. ಪ್ರತಿ ಇಟ್ಟುಕೊಂಡದ್ದನ್ನು ದಾಖಲೆಯಲ್ಲೂ ಬರೆಯಿರಿ.

ಕಪಾಟಿನಲ್ಲಿ ತೋರಿಸುವುದು

ಎಲ್ಲರೂ ಕ್ಯಾಟಲಾಗ್ ನೋಡುವುದಿಲ್ಲ. ತೋಟದ ಕೆಲಸ ಮುಗಿಸಿ ಪೇಪರ್ ಓದಲು ಬರುವವರಂತೂ ನೇರ ಕಪಾಟಿಗೇ ಹೋಗುತ್ತಾರೆ. ಅಡಿಕೆ ಪುಸ್ತಕಗಳ ನಡುವೆ ಪುಸ್ತಕದ ಅಳತೆಯ ದಪ್ಪ ರಟ್ಟೊಂದನ್ನು ನಿಲ್ಲಿಸಿ. ಮೇಲೆ ಲೇಖನದ ಹೆಸರು, ಕನ್ನಡದಲ್ಲಿ ಎರಡು ಸಾಲಿನ ಪರಿಚಯ, ಕೆಳಗೆ ಕ್ಯೂಆರ್ ಕೋಡ್. ಮಳೆಗಾಲದ ತೇವಕ್ಕೆ ರಟ್ಟು ಬೂಸ್ಟು ಹಿಡಿಯುತ್ತದೆ, ಲ್ಯಾಮಿನೇಶನ್ ಮಾಡಿಸಿ.

ಕೊಂಡಿ ಬದುಕಿದೆಯಾ?

ವರ್ಷಕ್ಕೆ ಎರಡು ಸಲ ಎಲ್ಲ ಕೊಂಡಿಗಳನ್ನೂ ಪರೀಕ್ಷಿಸಿ. ದಾಖಲೆಗಳಲ್ಲಿನ ಕೊಂಡಿಗಳನ್ನು ತಾನೇ ನೋಡಿ ಸತ್ತವನ್ನು ಹೇಳುವ ಸಣ್ಣ ಪ್ರೋಗ್ರಾಂ ಕೋಹಾದ ಜೊತೆಯಲ್ಲೇ ಬರುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆ ಕೇಳಿದರೆ ಓಡಿಸಿಕೊಡುತ್ತಾರೆ. ಆದರೆ ಕೊಂಡಿ ತೆರೆದುಕೊಂಡು ಒಳಗೆ ಬೇರೆ ಏನೋ ಇದ್ದರೆ ಪ್ರೋಗ್ರಾಂಗೆ ಗೊತ್ತಾಗುವುದಿಲ್ಲ. ಅಲ್ಲೊಂದು ಇಲ್ಲೊಂದು ಕೈಯಾರೆ ತೆರೆದು ನೋಡಿ. ಸತ್ತ ಕೊಂಡಿ ಸಿಕ್ಕರೆ ಶೀರ್ಷಿಕೆ ಹಾಕಿ ಹುಡುಕಿ, ಬೇರೆ ಜಾಗಕ್ಕೆ ಹೋಗಿರಬಹುದು. ಸಿಗದಿದ್ದರೆ ಹಳೆಯ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ಹಳೆಯ ವೆಬ್ ಪುಟಗಳ ಪ್ರತಿ ಇಟ್ಟಿರುವ ವೇಬ್ಯಾಕ್ ಮೆಷಿನ್‌ಗೆ ಕೊಟ್ಟು ನೋಡಿ. ಅಲ್ಲೂ ಇಲ್ಲ, ನಿಮ್ಮ ಡಿಸ್ಕಿನಲ್ಲೂ ಪ್ರತಿ ಇಲ್ಲ ಎಂದಾದರೆ ಕ್ಯಾಟಲಾಗಿನಿಂದ ದಾಖಲೆ ತೆಗೆದುಬಿಡಿ, ಕಪಾಟಿನ ರಟ್ಟನ್ನೂ.