ರೀಮಾಸ್ಟರ್ ಕೊಳ್ಳುವ ಮೊದಲು ಅದರ ಮೂಲ ಯಾವುದು ನೋಡಿ

ಫೈನಲ್ ಫ್ಯಾಂಟಸಿ, ಸುಯಿಕೊಡೆನ್, ಕ್ರೋನೊ ಕ್ರಾಸ್, ಮಾನಾ. ಎರಡು ಮೂರು ದಶಕಗಳ ಹಿಂದಿನ ಜಪಾನಿ ರೋಲ್‌ಪ್ಲೇಯಿಂಗ್ ಗೇಮ್‌ಗಳು ಈಗ ರೀಮಾಸ್ಟರ್ (ಹಳೆಯ ಆಟವನ್ನೇ ಇಂದಿನ ಯಂತ್ರಗಳಿಗೆ ಚೊಕ್ಕ ಮಾಡಿದ್ದು) ಆಗಿ, ಕೆಲವು ಬಿಡಿಬಿಡಿಯಾಗಿ, ಕೆಲವು ಕಟ್ಟುಕಟ್ಟಾಗಿ ಮಾರಾಟಕ್ಕೆ ಬರುತ್ತಿವೆ. ಕೊಳ್ಳುವವರಲ್ಲಿ ಬಹಳ ಮಂದಿ ಟ್ರೇಲರ್ ನೋಡಿ ಕಟ್ಟಿನ ಎಲ್ಲ ಆಟ ಒಟ್ಟಿಗೇ ತೆಗೆದುಕೊಂಡು, ಮೊದಲನೆಯದರಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ. ಇನ್ನು ಕೆಲವರಿಗೆ ತಮಗೆ ಬೇಕಿದ್ದ ಭಾಗವೇ ಇದರಲ್ಲಿಲ್ಲ ಎಂಬುದು ಇಪ್ಪತ್ತು ಗಂಟೆ ಆಡಿದ ಮೇಲೆ ಗೊತ್ತಾಗುತ್ತದೆ. ದುಡ್ಡು ಕೊಡುವ ಮುನ್ನ ಅರ್ಧ ಗಂಟೆ ಕೂತು ತಪಾಸಣೆ ಮಾಡಿದರೆ ಎರಡನ್ನೂ ತಪ್ಪಿಸಬಹುದು.

ಹೆಜ್ಜೆ 1: ಮೂಲ ಆವೃತ್ತಿ ಪತ್ತೆ ಮಾಡಿ

ಎಲ್ಲರೂ ಎಡವುವುದು ಇಲ್ಲೇ. ಒಂದೇ ಆಟ ಹಲವು ಯಂತ್ರಗಳಿಗೆ ಹಲವು ಸಲ ಬಂದಿರುತ್ತದೆ. ಫೈನಲ್ ಫ್ಯಾಂಟಸಿ 6 ನಿಂಟೆಂಡೊದ ಹಳೆಯ ಯಂತ್ರ ಸೂಪರ್ ಫ್ಯಾಮಿಕಾಮ್‌ಗೆ ಬಂದದ್ದು 1994ರಲ್ಲಿ. ಆಮೇಲೆ ಪ್ಲೇಸ್ಟೇಷನ್, ಗೇಮ್‌ಬಾಯ್ ಅಡ್ವಾನ್ಸ್, ಮೊಬೈಲ್, ಕೊನೆಗೆ 2022ರಲ್ಲಿ ಪಿಕ್ಸೆಲ್ ರೀಮಾಸ್ಟರ್ (ಫೈನಲ್ ಫ್ಯಾಂಟಸಿ 1ರಿಂದ 6ರವರೆಗಿನ ರೀಮಾಸ್ಟರ್‌ಗಳ ಸಾಲು). ಪ್ರತಿ ಸಲವೂ ಏನೋ ಸೇರಿದೆ, ಏನೋ ಬಿಟ್ಟುಹೋಗಿದೆ. ರೀಮಾಸ್ಟರ್ ಇವುಗಳಲ್ಲಿ ಯಾವುದನ್ನು ಆಧರಿಸಿದೆ ಎಂಬುದೇ ಅದರ ಯೋಗ್ಯತೆ ನಿರ್ಧರಿಸುತ್ತದೆ. ಹೊಸ ಚಿತ್ರ, ಹೊಸ ಸಂಗೀತ ಎಲ್ಲ ಆಮೇಲಿನ ಮಾತು.

ಪಿಕ್ಸೆಲ್ ರೀಮಾಸ್ಟರ್‌ನ ಆರೂ ಆಟಗಳು ಫ್ಯಾಮಿಕಾಮ್, ಸೂಪರ್ ಫ್ಯಾಮಿಕಾಮ್ ಮೂಲವನ್ನೇ ಹಿಡಿದು ಮಾಡಿದವು. ಹೀಗಾಗಿ ಗೇಮ್‌ಬಾಯ್ ಅಡ್ವಾನ್ಸ್ ಕಾಲದಲ್ಲಿ ಸೇರಿಸಿದ್ದು ಒಂದೂ ಇದರಲ್ಲಿಲ್ಲ. ಮೊದಲ ಆಟದ ‘ಸೋಲ್ ಆಫ್ ಕೇಯಾಸ್’ ಡಂಜನ್‌ಗಳಿಲ್ಲ (ಶತ್ರುಗಳು ತುಂಬಿದ ಗುಹೆ, ಕೋಟೆಗಳು). ಎರಡನೆಯದರಲ್ಲಿ ‘ಸೋಲ್ ಆಫ್ ರೀಬರ್ತ್’ ಅಧ್ಯಾಯವಿಲ್ಲ. ನಾಲ್ಕನೆಯದರ ಕೊನೆಯಲ್ಲಿ ತಂಡ ಬದಲಿಸಿಕೊಳ್ಳುವ ಅವಕಾಶವಿಲ್ಲ, ‘ಲೂನಾರ್ ರೂಯಿನ್ಸ್’ ಇಲ್ಲ. ಐದನೆಯದರ ಗ್ಲ್ಯಾಡಿಯೇಟರ್, ಕ್ಯಾನನಿಯರ್, ಓರಕಲ್, ನೆಕ್ರೊಮ್ಯಾನ್ಸರ್ ಎಂಬ ನಾಲ್ಕು ಜಾಬ್‌ಗಳಿಲ್ಲ (ಪಾತ್ರಗಳಿಗೆ ಕೊಡುವ ವೃತ್ತಿಗಳು). ಆರನೆಯದರ ‘ಡ್ರ್ಯಾಗನ್ಸ್ ಡೆನ್’ ಇಲ್ಲ.

ಮೊದಲ ಸಲ ಆಡುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಕಥೆ ಪೂರ್ತಿ ಇದೆ. ಐದನೆಯದರ ಹೊಸ ಜಾಬ್‌ಗಳಂತೂ ಕಥೆ ಮುಗಿಯುತ್ತ ಬಂದಾಗ ಸಿಗುವಂಥವು. ನಿಜವಾಗಿ ನೋಯುವುದು ನಾಲ್ಕನೆಯದು. ಕೊನೆಯ ಹಂತಕ್ಕೆ ಯಾರನ್ನು ಕರೆದೊಯ್ಯಬೇಕೆಂದು ಆಯ್ದುಕೊಳ್ಳುವ ಸುಖ ಒಮ್ಮೆ ಕಂಡವರಿಗೆ ಹಿಂದಿನ ಕಟ್ಟುಪಾಡು ಒಗ್ಗುವುದಿಲ್ಲ. ಕೈಯಲ್ಲಿ ಸೋನಿಯ ಪಿಎಸ್‌ಪಿ ಇದ್ದವರು ಅದಕ್ಕೆ ಬಂದ ಈ ಆಟದ 2011ರ ‘ಕಂಪ್ಲೀಟ್ ಕಲೆಕ್ಷನ್’ ಇಟ್ಟುಕೊಳ್ಳಿ, ಮಾರಬೇಡಿ.

ಮೂರನೆಯದರ ಲೆಕ್ಕ ಬೇರೆ. ನಿಂಟೆಂಡೊ ಡಿಎಸ್‌ಗೆ 2006ರಲ್ಲಿ ಬಂದ ಮೂರು ಆಯಾಮದ ಆವೃತ್ತಿ ಹೊಸದಾಗಿ ಕಟ್ಟಿದ್ದು. 1990ರ ಫ್ಯಾಮಿಕಾಮ್ ರೂಪ ಜಪಾನಿನಾಚೆ ಅಧಿಕೃತವಾಗಿ ಬಂದದ್ದು ಪಿಕ್ಸೆಲ್ ರೀಮಾಸ್ಟರ್ ಮೂಲಕವೇ. ಬೇರೆಲ್ಲೂ ಸಿಗದ್ದು ಸಿಗುತ್ತಿದ್ದರೆ ರೀಮಾಸ್ಟರ್‌ಗೆ ದುಡ್ಡು ಕೊಡಬಹುದು. 2019ರ ‘ಕಲೆಕ್ಷನ್ ಆಫ್ ಮಾನಾ’ಕ್ಕೂ ಇದೇ ಮಾತು. 1995ರ ‘ಟ್ರಯಲ್ಸ್ ಆಫ್ ಮಾನಾ’ ಇಂಗ್ಲಿಷಿಗೆ ಮೊದಲು ಬಂದದ್ದು ಅದರಲ್ಲೇ.

ಮೂಲ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2023ರ ‘ಟೇಲ್ಸ್ ಆಫ್ ಸಿಂಫೋನಿಯಾ’ ಉದಾಹರಣೆ. ಗೇಮ್‌ಕ್ಯೂಬ್‌ನಲ್ಲಿ ಅದು ಸೆಕೆಂಡಿಗೆ 60 ಫ್ರೇಮ್ ಓಡುತ್ತಿತ್ತು. ಪ್ಲೇಸ್ಟೇಷನ್ 2ರ ಆವೃತ್ತಿ 30ಕ್ಕೆ ಇಳಿಯಿತು, ರೀಮಾಸ್ಟರ್ ಆ ಸಾಲಿನದ್ದೇ ಆದ್ದರಿಂದ ಇಲ್ಲೂ 30. ಇದಕ್ಕೆ ಎದುರಾಗಿ ಫೈನಲ್ ಫ್ಯಾಂಟಸಿ 10/10-2 ಎಚ್‌ಡಿ ‘ಇಂಟರ್‌ನ್ಯಾಷನಲ್’ ಆವೃತ್ತಿಯಿಂದ ಬಂದದ್ದು. ಆ ಆವೃತ್ತಿಯ ಸೇರ್ಪಡೆಗಳಾದ ಎಕ್ಸ್‌ಪರ್ಟ್ ಸ್ಫಿಯರ್ ಗ್ರಿಡ್, ಡಾರ್ಕ್ ಏಯಾನ್ ಎಂಬ ಶತ್ರುಗಳು, ‘ಲಾಸ್ಟ್ ಮಿಷನ್’ ಎಲ್ಲ ಒಳಗೇ ಇವೆ. ಕಣ್ಣುಮುಚ್ಚಿ ಕೊಳ್ಳಿ.

ಅಂಗಡಿ ಪುಟದಲ್ಲಿ ಇದನ್ನೆಲ್ಲ ಬರೆದಿರುವುದಿಲ್ಲ. ಹಳೆಯ ಆವೃತ್ತಿಗಳಲ್ಲಿ ಸೇರ್ಪಡೆಯಾದ ಡಂಜನ್ ಅಥವಾ ಪಾತ್ರದ ಹೆಸರನ್ನು ರೀಮಾಸ್ಟರ್ ಹೆಸರಿನ ಜೊತೆ ಹುಡುಕಿ. ಇದ್ದರೆ ಅದನ್ನು ತಲುಪುವ ದಾರಿ ಸಿಗುತ್ತದೆ, ಇಲ್ಲದಿದ್ದರೆ ದೂರುಗಳು ಸಿಗುತ್ತವೆ. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪುಟದ ಬಲಬದಿಯ ಭಾಷಾ ಪಟ್ಟಿಯಲ್ಲಿ ಧ್ವನಿಯ ಕಾಲಂ ಕೂಡ ನೋಡಿ. ‘ಬ್ಯಾಟೆನ್ ಕೈಟೋಸ್’ ರೀಮಾಸ್ಟರ್‌ನಲ್ಲಿ ಹಳೆಯ ಇಂಗ್ಲಿಷ್ ಧ್ವನಿ ತೆಗೆದು ಜಪಾನಿ ಮಾತ್ರ ಉಳಿಸಿದ್ದಾರೆ. ಆ ಕಾಲಂ ನೋಡಿದ್ದರೆ ಮೊದಲೇ ಗೊತ್ತಾಗುವ ವಿಷಯ ಇದು.

ಹೆಜ್ಜೆ 2: ಚಿತ್ರ ಪರೀಕ್ಷಿಸಿ

ಟ್ರೇಲರ್ ಬಿಡಿ. ಪೂರ್ಣ ಗಾತ್ರದ ಸ್ಕ್ರೀನ್‌ಶಾಟ್ ತೆರೆದು ಪಾತ್ರದ ಮುಖದ ಅಂಚು ನೋಡಿ. ಚೌಕಗಳು ಚೌಕವಾಗಿಯೇ ಇದ್ದರೆ ಒಳ್ಳೆಯದು. ಮೂಲೆಗಳು ಕರಗಿದ ಮೇಣದಂತೆ ದುಂಡಗಾಗಿದ್ದರೆ ಸ್ಮೂದಿಂಗ್ ಫಿಲ್ಟರ್ ಹಾಕಿದ್ದಾರೆ ಎಂದರ್ಥ. ಅದನ್ನು ತೆಗೆಯುವ ಆಯ್ಕೆ ಸೆಟ್ಟಿಂಗ್‌ನಲ್ಲಿ ಇಲ್ಲದಿದ್ದರೆ ಅಂಥದ್ದನ್ನು ಕೊಳ್ಳಲೇಬೇಡಿ. ದುಡಿಮೆ ಉಳಿಸಲು ಹಾಕುವ ಫಿಲ್ಟರ್ ಅದು, ಕಲಾವಿದರು ಒಂದೊಂದಾಗಿ ಇಟ್ಟ ಚುಕ್ಕೆಗಳನ್ನು ಅಳಿಸಿಹಾಕುತ್ತದೆ. ಪಿಕ್ಸೆಲ್ ರೀಮಾಸ್ಟರ್ ಇಲ್ಲಿ ಗೆಲ್ಲುತ್ತದೆ. ಮೂಲ ಆಟಗಳಿಗೆ ಚಿತ್ರ ಬರೆದ ಕಜುಕೊ ಶಿಬುಯಾ ಅವರೇ ಪಾತ್ರಗಳನ್ನು ಮತ್ತೆ ಬರೆದಿದ್ದಾರೆ.

ಇನ್ನೊಂದು ಲೆಕ್ಕ ಹಾಕಿಕೊಳ್ಳಿ. ಹಳೆಯ ಯಂತ್ರಗಳ ಚಿತ್ರದ ಎತ್ತರ ಸುಮಾರು 240 ಗೆರೆ. ನಿಮ್ಮ ಪರದೆಯ ಎತ್ತರವನ್ನು ಅದರಿಂದ ಭಾಗಿಸಿದಾಗ ಪೂರ್ಣಾಂಕ ಬಂದರೆ ಪ್ರತಿ ಚುಕ್ಕೆಯೂ ಸಮನಾಗಿ ಹಿಗ್ಗುತ್ತದೆ. 720ಕ್ಕೆ 3, 1440ಕ್ಕೆ 6, 4ಕೆ ಟಿವಿಯ 2160ಕ್ಕೆ 9. ಮನೆಗಳಲ್ಲಿ ಹೆಚ್ಚಾಗಿರುವ 1080ಕ್ಕೆ ಬರುವುದು ನಾಲ್ಕೂವರೆ. ಹಾಗಾಗಿ ಮೂಲ ಚಿತ್ರವನ್ನು ಹಾಗೇ ಎಳೆದು ಪರದೆ ತುಂಬಿಸಿದ ಕಲೆಕ್ಷನ್‌ಗಳಲ್ಲಿ ಕೆಲವು ಚುಕ್ಕೆ ನಾಲ್ಕು ಗೆರೆ, ಕೆಲವು ಐದು ಗೆರೆ ಆಗುತ್ತವೆ. ಪಾತ್ರ ನಡೆದಾಗ ನೆಲ ಮಿಣುಕಿದಂತೆ ಕಾಣುವುದು ಇದರಿಂದಲೇ. ಸುತ್ತ ಕಪ್ಪು ಅಂಚು ಬಿಟ್ಟು ಸರಿಯಾಗಿ 4 ಪಟ್ಟು ಮಾತ್ರ ಹಿಗ್ಗಿಸುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ಪ್ಲೇಸ್ಟೇಷನ್ 1ರ ಹಲವು ಆಟಗಳಲ್ಲಿ ತೊಂದರೆ ಬೇರೆ ಥರದ್ದು. ಅಲ್ಲಿ ಪಾತ್ರಗಳು ಪಾಲಿಗನ್ (ಮೂರು ಆಯಾಮದ ಆಕೃತಿ), ಹಿನ್ನೆಲೆ ಮಾತ್ರ ಮೊದಲೇ ಬರೆದಿಟ್ಟ ಚಪ್ಪಟೆ ಚಿತ್ರ. ಪಾತ್ರಗಳನ್ನು ಎಷ್ಟು ಬೇಕಾದರೂ ಚೊಕ್ಕ ಮಾಡಬಹುದು, ಹಿನ್ನೆಲೆಯನ್ನು ಆಗುವುದಿಲ್ಲ. 2019ರ ಫೈನಲ್ ಫ್ಯಾಂಟಸಿ 8 ರೀಮಾಸ್ಟರ್‌ನಲ್ಲಿ ಮಿರುಗುವ ಪಾತ್ರಗಳು ಮಸುಕು ಬೀದಿಯಲ್ಲಿ ನಡೆಯುವಂತೆ ಕಾಣುವುದು ಈ ಕಾರಣಕ್ಕೆ.

ಹೆಜ್ಜೆ 3: ಆರು ತಿಂಗಳು ತಡೆಯಿರಿ

ಪ್ರಿ-ಆರ್ಡರ್ ಬೇಡ. 2018ರ ಫೆಬ್ರುವರಿಯಲ್ಲಿ ಸ್ಟೀಮ್‌ಗೆ ಬಂದ ‘ಕ್ರೋನೊ ಟ್ರಿಗರ್’ ಮೊಬೈಲ್‌ನ ಮೆನು, ಮಸುಕಾದ ಚಿತ್ರ ಹೊತ್ತು ಬಂದಿತ್ತು. ಹಲವು ಪ್ಯಾಚ್ (ತಿದ್ದುಪಡಿ) ಬಂದ ಮೇಲೆ ಮೂಲ ಚಿತ್ರದ ಆಯ್ಕೆ ಸಿಕ್ಕಿ ಆಡುವಂತಾಯಿತು. 2022ರ ಏಪ್ರಿಲ್‌ನ ‘ಕ್ರೋನೊ ಕ್ರಾಸ್’ ಕಾಳಗದಲ್ಲಿ ತಡವರಿಸುತ್ತಿತ್ತು. ಸರಿಹೋದದ್ದು ಮರುವರ್ಷದ ಪ್ಯಾಚ್‌ನಲ್ಲಿ. ವಿಮರ್ಶೆ ಓದುವಾಗ ಬಿಡುಗಡೆ ವಾರದ್ದನ್ನು ಬಿಟ್ಟು ಇತ್ತೀಚಿನವನ್ನು ನೋಡಿ. ಆ ಹೊತ್ತಿಗೆ ಬೆಲೆಯೂ ಇಳಿದಿರುತ್ತದೆ.

ಹೆಜ್ಜೆ 4: ಎಲ್ಲಿ ಕೊಳ್ಳುವುದು

ನಮ್ಮಲ್ಲಿ ಪಿಸಿ ಇದ್ದವರಿಗೆ ಸ್ಟೀಮ್ ಸರಿ. ಬೆಲೆ ರೂಪಾಯಿಯಲ್ಲೇ ಇರುತ್ತದೆ, ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆದರೆ ಬಂಡಲ್ (ಆಟಗಳ ಕಟ್ಟು) ಕೊಂಡಿದ್ದರೆ ಆ 2 ಗಂಟೆ ಎಲ್ಲ ಆಟಗಳಿಗೂ ಸೇರಿ. ಮೂರು ಆಟ ಮುಕ್ಕಾಲು ಮುಕ್ಕಾಲು ಗಂಟೆ ನೋಡಿದರೆ ಅವಧಿ ಮೀರಿತು. ಹೀಗಾಗಿ ಮೊದಲು ಒಂದೇ ಆಟ ಕೊಳ್ಳಿ. ಹಿಡಿಸಿದರೆ ಉಳಿದದ್ದಕ್ಕೆ ಬಂಡಲ್ ತೆಗೆದುಕೊಳ್ಳಿ, ಈಗಾಗಲೇ ಇರುವ ಆಟದ ಬೆಲೆ ಅದರಲ್ಲಿ ಕಳೆಯುತ್ತದೆ. ಪ್ಲೇಸ್ಟೇಷನ್‌ನಲ್ಲಿ ಡೌನ್‌ಲೋಡ್ ಶುರುವಾದ ಮೇಲೆ ವಾಪಸಾತಿ ಕಷ್ಟ.

ನಿಂಟೆಂಡೊ ಸ್ವಿಚ್‌ಗೆ ಡಬ್ಬಿ ಕೊಳ್ಳುವವರು ಹಿಂಬದಿಯ ಸಣ್ಣಕ್ಷರ ಓದಿ. ಅಮೆರಿಕದ 10/10-2 ಡಬ್ಬಿಯಲ್ಲಿ ಕಾರ್ಟ್ರಿಜ್ ಮೇಲಿರುವುದು 10 ಮಾತ್ರ, 10-2 ಡೌನ್‌ಲೋಡ್ ಕೋಡ್. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಬಳಸಿಯಾದ ಕೋಡ್ ಸಿಗುತ್ತದೆ. ‘ಕ್ಲೌಡ್ ವರ್ಷನ್’ ಎಂದಿದ್ದರೆ ಮುಟ್ಟಬೇಡಿ. ಸ್ವಿಚ್‌ನ ಕಿಂಗ್‌ಡಮ್ ಹಾರ್ಟ್ಸ್ ಅಂಥದ್ದು, ಆಟ ನಡೆಯುವುದು ದೂರದ ಸರ್ವರ್‌ನಲ್ಲಿ. ನೆಟ್ ಕುಂಟಿದರೆ ಏಟು ತಪ್ಪುತ್ತದೆ.

ಹೆಜ್ಜೆ 5: ಸರಿಯಾದ ಆಟದಿಂದ ಶುರುಮಾಡಿ

ಪಿಕ್ಸೆಲ್ ರೀಮಾಸ್ಟರ್‌ನ ಆರು ಫೈನಲ್ ಫ್ಯಾಂಟಸಿಗಳ ಕಥೆಗಳು ಒಂದಕ್ಕೊಂದು ಸಂಬಂಧಿಸಿದವಲ್ಲ, 1ರಿಂದ ಹೊರಡುವ ಅಗತ್ಯವಿಲ್ಲ. 6 ಮೊದಲು, ಆಮೇಲೆ 5, 4. 2 ಕೊನೆಗೆ. ಅದರಲ್ಲಿ ಲೆವೆಲ್ ಇಲ್ಲ, ಬಳಸಿದ ಆಯುಧ ಮತ್ತು ಮಂತ್ರ ಬಳಸಿದಷ್ಟೂ ಬಲಿಯುತ್ತವೆ. ಹೊಸಬರಿಗೆ ಅದು ಒಗ್ಗುವುದು ನಿಧಾನ.

ಕಾನ್ಫಿಗ್‌ಗೆ ಹೋಗಿ ಫಾಂಟನ್ನು ಪಿಕ್ಸೆಲ್ ಶೈಲಿಗೆ ಬದಲಿಸಿ. ಅದರ ಇನ್ನೊಂದು ತೆಳು ಫಾಂಟ್ ಚಿತ್ರಕ್ಕೆ ಹೊಂದುವುದಿಲ್ಲ. ಅನುಭವಾಂಕವನ್ನು 4 ಪಟ್ಟು ಏರಿಸುವ ಬೂಸ್ಟ್ ಇದೆ, 1ರಲ್ಲೇ ಬಿಡಿ. ಏರಿಸಿದರೆ ಎರಡೇ ಗಂಟೆಯಲ್ಲಿ ಬಾಸ್‌ಗಳು ಎರಡೇಟಿಗೆ ಸಾಯತೊಡಗುತ್ತವೆ. ರ‍್ಯಾಂಡಮ್ ಕಾಳಗ ನಿಲ್ಲಿಸುವ ಸೌಲಭ್ಯವನ್ನು ದಾರಿ ತಪ್ಪಿ ಹಳೆಯ ಡಂಜನ್‌ನಲ್ಲಿ ಪೆಟ್ಟಿಗೆ ಹುಡುಕುವಾಗ ಮಾತ್ರ ಬಳಸಿ.

2025ರ ಮಾರ್ಚ್‌ನಲ್ಲಿ ಬಂದ ಸುಯಿಕೊಡೆನ್ 1 ಮತ್ತು 2ರದ್ದು ಇದಕ್ಕೆ ವಿರುದ್ಧ. ಅಲ್ಲಿ 1 ಮುಗಿಸಿಯೇ 2ಕ್ಕೆ ಹೋಗಬೇಕು. ಮೊದಲನೆಯದರ ಮುಗಿದ ಸೇವ್ ಎರಡನೆಯದನ್ನು ಶುರುಮಾಡುವಾಗ ಓದಿಸಬೇಕು, ಆಗಷ್ಟೇ ಹಳೆಯ ನಾಯಕ ಮತ್ತೆ ತಂಡ ಸೇರುತ್ತಾನೆ. ಮೊದಲನೆಯದರಲ್ಲಿ ತಂಡಕ್ಕೆ ಸೇರಬಲ್ಲ 108 ಮಂದಿಯನ್ನೂ ಸೇರಿಸಿಕೊಂಡರೆ ಮಾತ್ರ ಸತ್ತ ಸಂಗಾತಿಯೊಬ್ಬನ ಜೀವ ಮರಳುತ್ತದೆ, ಅದನ್ನು ಕೆಡಿಸಬಲ್ಲದ್ದು ಆ 108ರಲ್ಲೊಬ್ಬನಾದ ಪಾನ್ ಶತ್ರು ಸೇನಾಪತಿ ಟಿಯೊ ಜೊತೆ ಮಾಡುವ ದ್ವಂದ್ವಯುದ್ಧ. ಟಿಯೊ ಎದುರಾಗುವ ಮೊದಲು ಪಾನ್‌ನನ್ನು ತಂಡಕ್ಕೆ ಹಾಕಿ ಲೆವೆಲ್ ಏರಿಸಿ, ಕಮ್ಮಾರನ ಬಳಿ ಆಯುಧ ಸಾಧ್ಯವಾದಷ್ಟು ಹರಿತ ಮಾಡಿಸಿ, ಬೇರೆ ಸ್ಲಾಟ್‌ನಲ್ಲಿ ಸೇವ್ ಮಾಡಿ. ಅವನು ಸೋತರೆ ಸತ್ತೇಹೋಗುತ್ತಾನೆ. ಆಟೊಸೇವ್ ಇದೆಯಲ್ಲ ಎಂದು ನೆಚ್ಚಬೇಡಿ, ಅದು ಸೋತ ಮೇಲಿನದನ್ನೇ ಉಳಿಸಿಕೊಂಡುಬಿಡಬಹುದು.