“ಮೂತ್ರ ಸರಿಯಾಗಿ ಹೋಗ್ತದಲ್ಲ ಸಿಸ್ಟರ್!”: ಶುಗರ್‌ನಿಂದ ಕಿಡ್ನಿಗೆ ಪೆಟ್ಟಾದವರಿಗೆ ನಾನು ಕಲಿಸುವ ರೀತಿ

“ಮೂತ್ರ ಸರಿಯಾಗಿ ಹೋಗ್ತದಲ್ಲ ಸಿಸ್ಟರ್, ಮತ್ತೆ ಕಿಡ್ನಿಗೆ ಎಂಥ ಆಗಿದೆ?” ನಾನು ಅತಿ ಹೆಚ್ಚು ಕೇಳಿಸಿಕೊಳ್ಳುವ ಪ್ರಶ್ನೆ ಇದು. ದಕ್ಷಿಣ ಕನ್ನಡದ ಒಂದು ತಾಲೂಕು ಆಸ್ಪತ್ರೆಯಲ್ಲಿ ಬಿಪಿ-ಶುಗರ್ ಕ್ಲಿನಿಕ್ ನೋಡಿಕೊಳ್ಳುವ ನರ್ಸ್ ನಾನು. ಶುಗರ್‌ನಿಂದ ಕಿಡ್ನಿ ಸೋಲುತ್ತಿರುವವರಿಗೆ ಮನೆಯಲ್ಲಿ ಹೇಗಿರಬೇಕು ಎಂದು ಹೇಳಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ.

ಆ ಪ್ರಶ್ನೆ ದಡ್ಡತನದ್ದಲ್ಲ. ಕಿಡ್ನಿ ಅರ್ಧ ಸೋತರೂ ಮೂತ್ರ ಎಂದಿನಷ್ಟೇ ಹೋಗುತ್ತದೆ, ನೋವೂ ಇರುವುದಿಲ್ಲ. ಹಾಗಾಗಿ ನಾನು ಶುರು ಮಾಡುವುದೇ ರಿಪೋರ್ಟ್‌ನಿಂದ. 65 ವರ್ಷದ ಹೆಂಗಸಿಗೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ, ರಕ್ತದಲ್ಲಿರುವ ಕಸ) 1.4 ಬಂದರೆ ಮನೆಯವರು “ಸ್ವಲ್ಪ ಜಾಸ್ತಿ ಅಷ್ಟೇ” ಅನ್ನುತ್ತಾರೆ. ಆದರೆ ಲೆಕ್ಕ ಹಾಕಿದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂಕಿ, 40ರ ಆಸುಪಾಸಿಗೆ ಬರುತ್ತದೆ. “ನೂರರಲ್ಲಿ ನಲವತ್ತು ಕೆಲಸ ಮಾಡ್ತಾ ಉಂಟು ಅಂದ್ಕೊಳ್ಳಿ” ಎಂದರೆ ಮುಖ ಬದಲಾಗುತ್ತದೆ. ಮೂತ್ರದಲ್ಲಿ ಹೋಗುವ ಆಲ್ಬುಮಿನ್ ಎಂಬ ಪ್ರೋಟೀನ್ ಇನ್ನೊಂದು ಅಂಕಿ: 30ರ ಒಳಗಿದ್ದರೆ ಸರಿ, 300 ದಾಟಿದರೆ ತುಂಬಾ ಸೋರುತ್ತಿದೆ ಎಂದರ್ಥ. ಈ ಎರಡನ್ನೂ ಬಿಪಿಯನ್ನೂ ಅವರದೇ ನೋಟ್‌ಬುಕ್‌ನ ಹಿಂದಿನ ರಟ್ಟಿನ ಮೇಲೆ ಅವರ ಕೈಯಲ್ಲೇ ಬರೆಸುತ್ತೇನೆ. ಬರೆಯಲು ಬಾರದವರಿದ್ದರೆ ಮೊಮ್ಮಕ್ಕಳು ಬರೆಯುತ್ತಾರೆ, ಅದು ಇನ್ನೂ ಒಳ್ಳೆಯದು. ಮಕ್ಕಳು ಮರೆಯಲು ಬಿಡುವುದಿಲ್ಲ.

“ಇದು ತಿನ್ನಬೇಡಿ, ಅದು ಕುಡಿಯಬೇಡಿ” ಎಂಬ ಪಟ್ಟಿ ಕೊಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಕಾಗದ ಕ್ಯಾಲೆಂಡರ್ ಹಿಂದೆ ಸೇರಿ ಅಲ್ಲೇ ಉಳಿಯುತ್ತದೆ. ಅದರ ಬದಲು “ಹೀಗಾದರೆ ಏನು ಮಾಡ್ತೀರಿ?” ಎಂದು ಕೇಳುತ್ತೇನೆ. ರಾತ್ರಿ ಹತ್ತು ಗಂಟೆಗೆ ವಾಂತಿ ಶುರುವಾದರೆ? ಮಂಡಿ ನೋವು ತಡೆಯಲಾಗದಿದ್ದರೆ? ಅವರ ಉತ್ತರದಿಂದಲೇ ನನ್ನ ಪಾಠ ಶುರು.

ಮಂಡಿ ನೋವಿನ ಪ್ರಶ್ನೆಗೆ ಬರುವ ಉತ್ತರ ಹೆಚ್ಚೂಕಡಿಮೆ ಒಂದೇ: “ಮೆಡಿಕಲ್‌ನಲ್ಲಿ ಒಂದು ಮಾತ್ರೆ ಕೊಡ್ತಾರೆ, ಒಳ್ಳೆ ಉಂಟು.” ಅಡಿಕೆ ತೋಟದಲ್ಲಿ ಬಗ್ಗಿ ಬಗ್ಗಿ ಕೆಲಸ ಮಾಡಿದವರಿಗೆ ಮಳೆಗಾಲದಲ್ಲಿ ನೋವು ಸುಳ್ಳಲ್ಲ. ಆದ್ದರಿಂದ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ತರಲು ಹೇಳುತ್ತೇನೆ. ಮೇಜಿನ ಮೇಲೆ ಸುರಿದರೆ ಬಿಪಿಯ ಟೆಲ್ಮಿಸಾರ್ಟನ್, ಮೂತ್ರ ಜಾಸ್ತಿ ಮಾಡಿ ನೀರು ಹೋಗುವ ಮಾತ್ರೆ, ಪಕ್ಕದಲ್ಲೇ ಅರ್ಧ ಖಾಲಿಯಾದ ನೋವಿನ ಮಾತ್ರೆ ಡೈಕ್ಲೋಫೆನಾಕ್ ಸ್ಟ್ರಿಪ್. ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ರಕ್ತ ಹೋಗುವುದೇ ಕಡಿಮೆಯಾಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ – ಇವು ಯಾವುವೂ ಬೇಡ, ನೋವಿಗೆ ಪ್ಯಾರಾಸಿಟಮಾಲ್ ಎಷ್ಟು ತಗೊಳ್ಳಬಹುದು ಎಂದು ಡಾಕ್ಟರ್ ಹತ್ತಿರ ಕೇಳಿ ಎನ್ನುತ್ತೇನೆ. ಆಮೇಲೆ ಆ ಸ್ಟ್ರಿಪ್ಪನ್ನು ಅವರ ಕೈಯಿಂದಲೇ ಕಸದ ಬುಟ್ಟಿಗೆ ಹಾಕಿಸುತ್ತೇನೆ. ಕೆಲವರು ಹಾಕುವ ಮುಂಚೆ ಬೆಲೆ ನೋಡುತ್ತಾರೆ!

ಅದೇ ಚೀಲದಲ್ಲಿ ಕೆಂಪು ಸ್ಕೆಚ್ ಪೆನ್ನಿನ ಕೆಲಸವೂ ಉಂಟು. ವಾಂತಿ-ಭೇದಿಯಾಗಿ ಊಟ, ನೀರು ನಿಲ್ಲದ ದಿನ ಕೆಲವು ಮಾತ್ರೆ ನಿಲ್ಲಿಸಬೇಕಾಗುತ್ತದೆ. ಸಾಮಾನ್ಯವಾಗಿ ಶುಗರ್‌ನ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಜೊತೆಗೆ ಟೆಲ್ಮಿಸಾರ್ಟನ್, ನೀರಿನ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರ್ ಹೇಳುತ್ತಾರೆ, ಅಂಥ ಸ್ಟ್ರಿಪ್‌ಗಳ ಮೇಲೆ ನಾನು ಕೆಂಪು ಗೆರೆ ಎಳೆಯುತ್ತೇನೆ. ಪಾಠ ಇಷ್ಟೇ: ವಾಂತಿ-ಭೇದಿಯಾದರೆ ಕೆಂಪು ಗೆರೆಯದ್ದು ಆ ದಿನ ಬೇಡ, ತಕ್ಷಣ ಫೋನ್ ಮಾಡಿ, ಸರಿಯಾಗಿ ಉಣ್ಣಲು ಶುರುವಾದ ಮೇಲೆ ಕೇಳಿ ಮತ್ತೆ ಶುರು ಮಾಡಿ. ಇನ್ಸುಲಿನ್‌ಗೆ ಮಾತ್ರ ಗೆರೆ ಇಲ್ಲ. “ಉಣ್ಣಲಿಲ್ಲ, ಹಾಗಾಗಿ ಇನ್ಸುಲಿನ್ ಪೂರ್ತಿ ಬಿಟ್ಟೆ” ಎಂದು ಬರುವವರ ಸ್ಥಿತಿ ಕೆಲವೊಮ್ಮೆ ತುಂಬಾ ಕೆಟ್ಟಿರುತ್ತದೆ. ಶುಗರ್ ನೋಡಿ, ಫೋನ್ ಮಾಡಿ, ಎಷ್ಟು ಕಡಿಮೆ ಮಾಡಬೇಕೆಂದು ಕೇಳಿ.

ಇನ್ನು ಉಪ್ಪು. ನಮ್ಮ ಕರಾವಳಿಯಲ್ಲಿ ಇದು ದೊಡ್ಡ ಯುದ್ಧ. ರಾತ್ರಿ ಗಂಜಿ, ಜೊತೆಗೆ ಉಪ್ಪಿನಕಾಯಿ ಅಥವಾ ಒಣಮೀನು ಚಟ್ನಿ. ಮಳೆಗಾಲಕ್ಕೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಾವಿನಕಾಯಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಸಾಕು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ಸಾರಿಗೆ ಚಮಚದಲ್ಲಿ ಅಳೆದು ಉಪ್ಪು ಹಾಕುವವರು ಯಾರು? ಅದಕ್ಕೆ ನಾನು ಕೊಡುವ ಲೆಕ್ಕ ಬೇರೆ. ಹೊಸ ಒಂದು ಕೆಜಿ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಅದು 50 ದಿನ ಬರಬೇಕು. ತಿಂಗಳೊಳಗೆ ಖಾಲಿಯಾದರೆ ನಾನು ಏನೂ ಹೇಳಬೇಕಾಗಿಲ್ಲ. ಉಪ್ಪಿನಕಾಯಿಗೂ ಒಣಮೀನಿಗೂ ಹೋಗುವ ಕಲ್ಲುಪ್ಪು ಈ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನು ಸೊಸೆಯಂದಿರೇ ನನಗೆ ನೆನಪಿಸುತ್ತಾರೆ. ಗಂಡಸರು ಒಬ್ಬರೇ ಬಂದರೆ ಉಪ್ಪಿನ ಪಾಠ ನಾನು ಮಾಡುವುದೇ ಇಲ್ಲ. ಸುಮ್ನೆ ಟೈಮ್ ವೇಸ್ಟ್. ಮುಂದಿನ ಸಲ ಅಡುಗೆ ಮಾಡುವವರನ್ನು ಕರೆದುಕೊಂಡು ಬನ್ನಿ ಎನ್ನುತ್ತೇನೆ.

ಗಂಜಿ ಬಿಡಿ ಎಂದೂ ಹೇಳುವುದಿಲ್ಲ. ಎಷ್ಟು ಬಟ್ಟಲು ಎಂದು ಮಾತಾಡಿಕೊಳ್ಳುತ್ತೇವೆ. ಜೊತೆಗೆ ಗಾಂಧಾರಿ ಮೆಣಸು, ಮಾವಿನಶುಂಠಿ, ಹುಳಿ ಹಾಕಿದ ಒಂದಿಷ್ಟು ತೆಂಗಿನಕಾಯಿ ಚಟ್ನಿ. ಖಾರ, ಹುಳಿ ಜೋರಿದ್ದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಇಂದುಪ್ಪೂ ಉಪ್ಪೇ. ಅಂಗಡಿಯ ಕಡಿಮೆ ಸೋಡಿಯಂ ಉಪ್ಪು ಇವರಿಗೆ ಬೇಡವೇ ಬೇಡ, ಅದರಲ್ಲಿರುವ ಪೊಟ್ಯಾಸಿಯಂ ಸೋತ ಕಿಡ್ನಿಯಿಂದ ಸರಿಯಾಗಿ ಹೊರಹೋಗುವುದಿಲ್ಲ. ಧಾರೆಹುಳಿ ಹಣ್ಣು ಕಿಡ್ನಿ ಸೋತವರಿಗೆ ವಿಷದ ಹಾಗೆ. ಕೊಲೆಸ್ಟ್ರಾಲ್‌ಗೆ ಒಳ್ಳೆಯದೆಂದು ಬಿಂಬುಳಿ ಜ್ಯೂಸ್ ಕುಡಿಯುವುದೂ ಬೇಡ. ಬಾಳೆಹಣ್ಣು, ಎಳನೀರು ಎಲ್ಲರಿಗೂ ನಿಷಿದ್ಧ ಎಂದು ಕೆಲವರು ಹೆದರಿಸುತ್ತಾರೆ, ನಾನು ರಕ್ತದ ಪೊಟ್ಯಾಸಿಯಂ ನೋಡದೆ ಆ ಮಾತು ಎತ್ತುವುದಿಲ್ಲ. ಬಾಯಿರುಚಿಗೆ ಇರುವುದೇ ಸ್ವಲ್ಪ, ಅದನ್ನೂ ಕಿತ್ತುಕೊಂಡರೆ ಮತ್ತೆ ಕ್ಲಿನಿಕ್‌ಗೆ ಬರುವುದೇ ಇಲ್ಲ, ಅಲ್ವಾ?

ಎಲ್ಲಕ್ಕಿಂತ ಕಷ್ಟದ ಪಾಠ ಖುಷಿಯಿಂದ ಬರುವವರಿಗೆ ಮಾಡಬೇಕಾದದ್ದು. “ಸಿಸ್ಟರ್, ಈಗ ಶುಗರ್ ತನ್ನಷ್ಟಕ್ಕೇ ಕಡಿಮೆಯಾಗಿದೆ, ಇನ್ಸುಲಿನ್ ಅರ್ಧ ಸಾಕು!” ಮನೆಯಲ್ಲಿ ಪಾಯಸವೂ ಆಗಿರುತ್ತದೆ. ಇನ್ಸುಲಿನ್ ಮೈಯಿಂದ ಹೊರಹೋಗಲು ಕಿಡ್ನಿಯೂ ಕೆಲಸ ಮಾಡಬೇಕು. ಅದು ಸೋತಾಗ ಹಾಕಿದ ಇನ್ಸುಲಿನ್ ಜಾಸ್ತಿ ಹೊತ್ತು ಉಳಿಯುತ್ತದೆ. ಕೆಲವು ಶುಗರ್ ಮಾತ್ರೆಗಳೂ ಹಾಗೆಯೇ. ಹಾಗಾಗಿ ಶುಗರ್ ಕಾರಣವಿಲ್ಲದೆ ಇಳಿಯುತ್ತಿದ್ದರೆ ಕ್ರಿಯಾಟಿನಿನ್ ಮಾಡಿಸಲೇಬೇಕು. ಬೆಳಗಿನ ಜಾವ ಬೆವರಿ, ಕೈ ನಡುಗಿ ಎಚ್ಚರವಾದರೆ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇದನ್ನು ಪಕ್ಕದಲ್ಲಿ ಮಲಗುವವರಿಗೂ ಹೇಳಿಕೊಡುತ್ತೇನೆ, ಯಾಕೆಂದರೆ ಆ ಹೊತ್ತಿಗೆ ರೋಗಿಗೆ ಮಾತೇ ತೊದಲುತ್ತಿರಬಹುದು.

ಬಿಪಿ 130/80ರ ಒಳಗಿರಲಿ ಎನ್ನುತ್ತೇವೆ. ಮನೆಯಲ್ಲಿ ನೋಡುವವರು ಐದು ನಿಮಿಷ ಸುಮ್ಮನೆ ಕೂತು, ಮಾತಾಡದೆ ನೋಡಬೇಕು. ಇದು ಬೇಗ ಕಲಿಯುತ್ತಾರೆ.

ಬೇಸಿಗೆ ಬಂತೆಂದರೆ ನನ್ನ ಪ್ರಶ್ನೆ ಬದಲಾಗುತ್ತದೆ: “ಮದುವೆ ಮನೆಯಲ್ಲಿ ಏನು ಮಾಡ್ತೀರಿ?” ಮನೆಯಲ್ಲೇ ಇನ್ಸುಲಿನ್ ಹಾಕಿಕೊಂಡು ಹೊರಡುತ್ತಾರೆ, ಅಲ್ಲಿ ಮೊದಲ ಪಂಕ್ತಿಗೆ ಜಾಗ ಸಿಗುವುದಿಲ್ಲ, ಎಲೆ ಮುಂದೆ ಕೂರುವಾಗ ಎರಡು ಗಂಟೆ. ನಡುವೆ ಶುಗರ್ ಇಳಿದಿರುತ್ತದೆ. ಈಗ ಇನ್ಸುಲಿನ್ ಪೆನ್ ಬ್ಯಾಗಿನಲ್ಲೇ ಇರಲಿ, ಎಲೆಗೆ ಅನ್ನ ಬೀಳುವುದು ಕಣ್ಣಿಗೆ ಕಂಡ ಮೇಲೆ ಹಾಕಿಕೊಳ್ಳಿ ಎನ್ನುತ್ತೇನೆ. “ಎಲ್ಲರ ಎದುರಿಗೆ ಹೇಗೆ ಸಿಸ್ಟರ್?” ಎಂದು ಹೆಂಗಸರು ನಾಚಿಕೊಳ್ಳುತ್ತಾರೆ. ಕ್ಲಿನಿಕ್‌ನಲ್ಲೇ ಕುರ್ಚಿಯಲ್ಲಿ ಕೂರಿಸಿ, ಸೆರಗಿನ ಮರೆಯಲ್ಲಿ ಹೊಟ್ಟೆಗೆ ಹಾಕಿಕೊಳ್ಳುವುದನ್ನು ಖಾಲಿ ಪೆನ್ನಿನಲ್ಲಿ ಮಾಡಿಸುತ್ತೇನೆ. ಪಕ್ಕದಲ್ಲಿ ಕಾಯುತ್ತಾ ಕೂತ ಇನ್ನೊಬ್ಬರು “ನಿಮಗೂ ಇಂಜೆಕ್ಷನ್ನಾ ಅಕ್ಕಾ?” ಎಂದು ಮಾತಿಗೆ ಶುರು ಮಾಡಿದರೆ ಉಳಿದದ್ದನ್ನು ಅವರೇ ಹೇಳಿಕೊಡುತ್ತಾರೆ.