ಮಡಿಕೇರಿ ಮಳೆಯಲ್ಲಿ ನನ್ನ ಫಿಗರ್ ಕಪಾಟು

ಮಡಿಕೇರಿಯ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ. ಕಪಾಟಿನಲ್ಲಿ ಜೋಡಿಸಿಟ್ಟ ಫಿಗರ್‌ಗಳನ್ನು, ಅಂದರೆ ಪ್ಲಾಸ್ಟಿಕ್ ಪಾತ್ರಗೊಂಬೆಗಳನ್ನು ಬಿಡುತ್ತಾ? ಕಳೆದ ಜುಲೈನಲ್ಲಿ ಗಾಜಿನ ಬಾಗಿಲು ತೆಗೆದಾಗ ಎದೆ ಧಸಕ್ ಎಂದಿತು. ನನ್ನ ಅಚ್ಚುಮೆಚ್ಚಿನ ಸಮುರಾಯ್‌ನ ಕಪ್ಪು ಮೇಲಂಗಿಯ ಮಡಿಕೆಗಳಲ್ಲಿ ಬಿಳಿ ಚುಕ್ಕಿ. ಮುಟ್ಟಿದರೆ ಬೆರಳಿಗೆ ಅಂಟು.

ಬೂಷ್ಟು ತೇವದ್ದು, ಅಂಟಿನ ಕಾರಣ ಬೇರೆ. ಗೊಂಬೆಯ ಪಿವಿಸಿ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಬೆರೆಸುವ ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕ ನಿಧಾನವಾಗಿ ಹೊರಗೆ ಜಿನುಗುತ್ತದೆ. ಬಿಸಿ ಇದ್ದು, ಗಾಳಿ ಆಡದಿದ್ದರೆ ಇನ್ನೂ ಜಾಸ್ತಿ. ನಾನು ಎಲ್‌ಇಡಿ ಅಡಾಪ್ಟರನ್ನು ಒಳಗೇ ಇಟ್ಟು, ಧೂಳು ಬರಬಾರದೆಂದು ಸಂದಿಗೆಲ್ಲ ಟೇಪ್ ಹಚ್ಚಿದ್ದೆ.

ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬ್ರಶ್‌ನಿಂದ ಎಲ್ಲವನ್ನೂ ತೊಳೆದೆ. ನೆರಳಲ್ಲಿ ಒಣಗಿಸಿದೆ. ಅಡಾಪ್ಟರ್ ಹೊರಗೆ ಹೋಯಿತು. ಹಿಂದಿನ ಪ್ಲೈವುಡ್‌ನಲ್ಲಿ ಮೇಲೆ ಎರಡು, ಕೆಳಗೆ ಎರಡು ತೂತು ಕೊರೆದು ಸೊಳ್ಳೆ ಪರದೆ ಅಂಟಿಸಿದೆ. ಮೇಲಿನ ಒಂದು ತೂತಿಗೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್. ಹೊರಗೋಡೆ ಒದ್ದೆಯಾಗುತ್ತೆ ಅಂತ ಕಪಾಟನ್ನು ನಾಲ್ಕು ಬೆರಳು ಮುಂದೆ ಎಳೆದೆ. ತೂತು ಇದ್ದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಸುಮ್ನೆ ದಂಡ. ಜಡಿಮಳೆ ಹಿಡಿದಾಗ ಕೋಣೆಯಲ್ಲೇ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಹಾಕುತ್ತೇನೆ. ತೇವ ಅಳೆಯುವ ಹೈಗ್ರೋಮೀಟರ್ ಶೇಕಡಾ 60 ದಾಟಬಾರದು, ಅಷ್ಟೇ ನನ್ನ ಲೆಕ್ಕ.

ಬೆಳಕನ್ನೂ ಆಗಲೇ ಸರಿಮಾಡಿದೆ. ಎಲ್‌ಇಡಿ ಪಟ್ಟಿ ಮೇಲಿದ್ದಾಗ ಹ್ಯಾಟಿನ ನೆರಳು ಮುಖದ ಮೇಲೆ ಬೀಳುತ್ತಿತ್ತು, ಕಣ್ಣೇ ಕಾಣುತ್ತಿರಲಿಲ್ಲ. ಈಗ ಬಾಗಿಲ ಪಕ್ಕದ ಎರಡೂ ಅಂಚಿಗೆ ನೆಟ್ಟಗೆ ಅಲ್ಯೂಮಿನಿಯಂ ಚಾನೆಲ್, ಮೇಲೆ ಹಾಲುಬಿಳುಪಿನ ಮುಚ್ಚಳ, ಒಳಗೆ 4000 ಕೆಲ್ವಿನ್ ಪಟ್ಟಿ, ಅಂದರೆ ತೀರಾ ಹಳದಿಯೂ ಅಲ್ಲದ, ನೀಲಿಯೂ ಅಲ್ಲದ ಬಿಳಿ ಬೆಳಕು. ನಿನ್ನೆ ರಾತ್ರಿ ಲೈಟ್ ಹಾಕಿದಾಗ ಸಮುರಾಯ್ ಹುಬ್ಬಿನ ಮೇಲಿನ ಸಣ್ಣ ಗಾಯದ ಗೆರೆ ಕೂಡ ಕಂಡಿತು. ತಂದು ಮೂರು ವರ್ಷವಾದರೂ ನಾನು ಅದನ್ನು ನೋಡಿರಲೇ ಇಲ್ಲ.